ಅಟೆನ್‌ಬರೋ: ಉಳಿದುಕೊಂಡ ಒಂದು ಎಳೆ

ಕನ್ನಡಿಗರಿಗೆ ಇಬ್ಬರು ಅಟೆನ್‌ಬರೋಗಳು ಗೊತ್ತು. 1982ರಲ್ಲಿ ‘ಗಾಂಧಿ’ ಚಿತ್ರ ಮಾಡಿದ ರಿಚರ್ಡ್ ಒಬ್ಬರು. ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರದಲ್ಲಿ ನಮ್ಮ ಕಾಡುಗಳಿಗೆ ದನಿಯಾದ ಡೇವಿಡ್ ಇನ್ನೊಬ್ಬರು. ಇವರಿಬ್ಬರೂ ಅಣ್ಣತಮ್ಮಂದಿರು ಅನ್ನುವುದು ಹೊಸ ಸುದ್ದಿಯೇನಲ್ಲ. ಆದರೆ ಈ ಅಡ್ಡಹೆಸರು ಹೊತ್ತ ಉಳಿದವರೆಲ್ಲ ಇವರಿಗೆ ಏನಾಗಬೇಕು? ಸ್ಮಿತ್ ಎಂಬ ಹೆಸರಿನವರ ಬಗ್ಗೆ ಇಂಥ ಪ್ರಶ್ನೆ ಕೇಳಿದರೆ ಇಂಗ್ಲೆಂಡಿನಲ್ಲಿ ನಕ್ಕಾರು. ಅಟೆನ್‌ಬರೋ ವಿಷಯದಲ್ಲಿ ನಗುವ ಹಾಗಿಲ್ಲ. ಈ ಹೆಸರಿನ ಗಂಡಸರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಒಂದೇ ಗಂಡುಸಂತತಿಗೆ ಸೇರಿದವರು ಎಂದು ತಳಿವಿಜ್ಞಾನಿಗಳು ಒಂದೂವರೆ ದಶಕದ ಹಿಂದೆಯೇ ತೋರಿಸಿದ್ದಾರೆ. ಇಂಥ ಮಾತು ಕಿವಿಗೆ ಬಿದ್ದೊಡನೆ ಮನಸ್ಸು ಒಂದು ಹೆಜ್ಜೆ ಮುಂದೆ ಹಾರುತ್ತದೆ: ಹಾಗಾದರೆ ಏಳುನೂರು ವರ್ಷದ ಹಿಂದೆ ಅಟೆನ್‌ಬರೋ ಎಂದು ಕರೆಸಿಕೊಂಡವನು ಒಬ್ಬನೇ ಇರಬೇಕು, ಇವರೆಲ್ಲ ಅವನ ಕುಡಿಗಳು! ಇದರಲ್ಲಿ ಅರ್ಧ ನಿಜ. ಈಗಿರುವವರು ಒಂದೇ ಬಳ್ಳಿಯವರು ಅನ್ನುವುದು ಸರಿ. ಮೊದಲಿಗೇ ಇದ್ದದ್ದು ಒಂದೇ ಬಳ್ಳಿ ಅನ್ನುವುದಕ್ಕೆ ಮಾತ್ರ ಆಧಾರವಿಲ್ಲ. ಈ ಎರಡು ಮಾತುಗಳ ನಡುವಿನ ಅಂತರ ನೋಡಲು ಚಿಕ್ಕದು. ಅಪರೂಪದ ಅಡ್ಡಹೆಸರುಗಳ ಚರಿತ್ರೆಯೆಲ್ಲ ಇರುವುದು ಆ ಅಂತರದಲ್ಲೇ.

ಇಂಗ್ಲೆಂಡಿನಲ್ಲಿ ಮನೆತನದ ಹೆಸರು ನೆಲೆಯೂರಿದ್ದು ನಿಧಾನವಾಗಿ. 1066ರಲ್ಲಿ ನಾರ್ಮನ್ನರು ದೇಶವನ್ನು ಗೆದ್ದ ಮೇಲೆ, ತಮ್ಮ ಜಮೀನಿನ ಊರನ್ನೇ ಹೆಸರಿಗೆ ಅಂಟಿಸಿಕೊಂಡು ಅದನ್ನು ಮಗನಿಗೂ ದಾಟಿಸಲು ಶುರುಮಾಡಿದವರು ಭೂಮಾಲೀಕರು. ಉಳುವವರಿಗೂ ಕುಶಲಕರ್ಮಿಗಳಿಗೂ ಆ ಅಭ್ಯಾಸ ಬರಲು ಇನ್ನೂ ಎರಡು ಮೂರು ಶತಮಾನ ಬೇಕಾಯಿತು. ಉತ್ತರದ ಕಡೆ ಇನ್ನಷ್ಟು ತಡ. ಗುಮಾಸ್ತನ ತಾಪತ್ರಯ ಅರ್ಥವಾಗುವಂಥದ್ದೇ. ಒಂದೇ ಹಳ್ಳಿಯಲ್ಲಿ ಹತ್ತು ಜನ ಜಾನ್, ಎಂಟು ಜನ ವಿಲಿಯಂ ಇದ್ದರೆ ಕಂದಾಯ ಯಾರ ತಲೆಗೆ ಕಟ್ಟುವುದು? ಅದಕ್ಕೆ ಅಪ್ಪನ ಹೆಸರು, ಕಸುಬು, ಅಣಕದ ಹೆಸರು, ಇಲ್ಲವೇ ಊರು ಅಥವಾ ಮನೆಯಿದ್ದ ಜಾಗ, ಹೀಗೆ ಕೈಗೆ ಸಿಕ್ಕಿದ್ದನ್ನು ಸೇರಿಸಿ ಬರೆದುಕೊಂಡ. 1377, 1379 ಮತ್ತು 1381ರ ತಲೆಗಂದಾಯದ ಪಟ್ಟಿಗಳು ಇಂಥ ಹೆಸರುಗಳ ದೊಡ್ಡ ಭಂಡಾರ. ಅವುಗಳಲ್ಲಿ ಎಷ್ಟೋ ಹೆಸರುಗಳು ಆ ಮನುಷ್ಯನೊಂದಿಗೇ ಮುಗಿದುಹೋದವು. ಕೆಲವು ಮಾತ್ರ ಮಗನಿಗೆ, ಮೊಮ್ಮಗನಿಗೆ ದಾಟಿ ಗಟ್ಟಿಯಾದವು.

ಅಟೆನ್‌ಬರೋ ಯಾವ ಜಾತಿಯ ಹೆಸರು ಎಂಬುದರಲ್ಲಿ ಎರಡು ದಾರಿಗಳಿವೆ. ನಾಟಿಂಗ್‌ಹ್ಯಾಂಶೈರಿನಲ್ಲಿ, ಟ್ರೆಂಟ್ ನದಿಯ ದಂಡೆಯ ಮೇಲೆ, ನಾಟಿಂಗ್‌ಹ್ಯಾಂ ನಗರದ ನೈರುತ್ಯಕ್ಕೆ ಇದೇ ಹೆಸರಿನ ಹಳ್ಳಿಯೊಂದಿದೆ. ಕ್ರಾಮ್‌ವೆಲ್‌ನ ಅಳಿಯ ಹೆನ್ರಿ ಐರ್ಟನ್ 1611ರಲ್ಲಿ ಹುಟ್ಟಿದ್ದು ಅಲ್ಲಿ. ಜಲ್ಲಿಕಲ್ಲು ತೆಗೆದ ಗುಂಡಿಗಳಲ್ಲಿ ನೀರು ನಿಂತು ಆದ ಅಲ್ಲಿನ ಪಕ್ಷಿಧಾಮವನ್ನು 1966ರಲ್ಲಿ ಉದ್ಘಾಟಿಸಿದ್ದು ಡೇವಿಡ್ ಅಟೆನ್‌ಬರೋ ಅವರೇ. ಆ ಹಳ್ಳಿಯಿಂದ ಬಂದವರು ಅನ್ನುವುದು ಮೊದಲ ದಾರಿ. ಎರಡನೆಯದು ಹೀಗೆ: ಮಧ್ಯಕಾಲದ ಇಂಗ್ಲಿಷಿನಲ್ಲಿ ‘ಅಟೆನ್’ ಅಂದರೆ ‘ಆ ಜಾಗದ ಹತ್ತಿರದ’ ಎಂದರ್ಥ. ಆ್ಯಷ್ ಮರದ ಹತ್ತಿರ ಇದ್ದವನು ನ್ಯಾಷ್ ಆದ, ಓಕ್ ಮರಗಳ ಹತ್ತಿರ ಇದ್ದವನು ನೋಕ್ಸ್ ಆದ, ಕಾಡಿನ ಪಕ್ಕದವನು ಆ್ಯಟ್‌ವುಡ್ ಆದ. ಅದೇ ರೀತಿ ಕೋಟೆಯ ಹತ್ತಿರವೋ ದಿಬ್ಬದ ಹತ್ತಿರವೋ ಮನೆ ಮಾಡಿಕೊಂಡವನು ಅಟೆನ್‌ಬರೋ ಆಗಿರಬಹುದಲ್ಲ? ವ್ಯಾಕರಣದ ಮಟ್ಟಿಗೆ ಎರಡೂ ಸರಿಯೇ. ನಿಘಂಟಿನ ಪುಟದಲ್ಲಿ ಕೂತು ಇದನ್ನು ಬಿಡಿಸಲಾಗುವುದಿಲ್ಲ. ಬಿಡಿಸುವುದು ಭೂಪಟ.

ಭೂಪಟ ಹೇಗೆ ಬಿಡಿಸುತ್ತದೆ ನೋಡಿ. ಕೋಟೆಯೂ ದಿಬ್ಬವೂ ಇಂಗ್ಲೆಂಡಿನ ತುಂಬ ಇವೆ. ಹೆಸರು ಅವುಗಳಿಂದ ಬಂದಿದ್ದರೆ ಕೆಂಟಿನಲ್ಲೂ ಡೆವನ್‌ನಲ್ಲೂ ನಾರ್ಫೋಕ್‌ನಲ್ಲೂ ಅಲ್ಲಲ್ಲಿ ಒಂದೊಂದು ಗುಂಪು ಕಾಣಬೇಕಿತ್ತು. 1881ರ ಜನಗಣತಿಯನ್ನು ಆಧರಿಸಿ ಹೆಸರುಗಳ ನಕ್ಷೆ ಹಾಕುವುದು ಈಗ ರೂಢಿ. ಆ ವರ್ಷದ ಪ್ರತಿಯೊಬ್ಬರ ವಿವರವನ್ನೂ ಸ್ವಯಂಸೇವಕರು ಪ್ರತಿಮಾಡಿ ಕೊಟ್ಟಿರುವುದು ಒಂದು ಕಾರಣ. ಮೋಟಾರು, ಮಹಾಯುದ್ಧಗಳು ಜನರನ್ನು ಕಲಸಿಹಾಕುವುದಕ್ಕೆ ಮುಂಚಿನ ಚಿತ್ರ ಅದು ಎಂಬುದು ಇನ್ನೊಂದು ಕಾರಣ. ಆ ನಕ್ಷೆಯಲ್ಲಿ ಅಟೆನ್‌ಬರೋಗಳು ನಾಟಿಂಗ್‌ಹ್ಯಾಂಶೈರ್ ಮತ್ತು ಪಕ್ಕದ ಡರ್ಬಿಶೈರಿನ ಸುತ್ತ ಮುತ್ತಿಕೊಂಡಿದ್ದಾರೆ. ಕೈಗಾರಿಕಾ ಕ್ರಾಂತಿಯೆಂಬ ಬಿರುಗಾಳಿ ನೂರು ವರ್ಷ ಬೀಸಿದ ಮೇಲೂ, ಬಹುಪಾಲು ಜನ ಮೂಲದ ಊರಿನಿಂದ ಒಂದೆರಡು ದಿನದ ನಡಿಗೆಯ ಆಚೆ ಹೋಗಿಲ್ಲ. 2016ರಲ್ಲಿ ಆಕ್ಸ್‌ಫರ್ಡಿನಿಂದ ಬಂದ ಬ್ರಿಟನ್ ಮತ್ತು ಐರ್ಲೆಂಡಿನ ಮನೆತನದ ಹೆಸರುಗಳ ಕೋಶವು 45 ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಎತ್ತಿಕೊಂಡಾಗ ಈ ಬಗೆಯ ನಕ್ಷೆಯ ಸಾಕ್ಷ್ಯವನ್ನೂ ಪದದ ಸಾಕ್ಷ್ಯವನ್ನೂ ಜೊತೆಗಿಟ್ಟು ನೋಡಿತು. ಹಳೆಯ ಕೋಶಕಾರರು ಪದವೊಂದನ್ನೇ ಸೀಳಿ ಸೀಳಿ ತೀರ್ಪು ಕೊಡುತ್ತಿದ್ದರು. ಎಷ್ಟೋ ಹೆಸರುಗಳ ಮೂಲ ಅದರಿಂದಲೇ ತಪ್ಪಿತು ಎಂದು ನನ್ನ ಅಭಿಪ್ರಾಯ.

ಇನ್ನೊಂದು ಸೂಕ್ಷ್ಮವಿದೆ. ಊರಿನ ಹೆಸರು ಮನುಷ್ಯನಿಗೆ ಅಂಟುವುದು ಅವನು ಆ ಊರು ಬಿಟ್ಟಮೇಲೆ. ಅಟೆನ್‌ಬರೋ ಹಳ್ಳಿಯಲ್ಲೇ ಇದ್ದವನನ್ನು ‘ಅಟೆನ್‌ಬರೋದವನು’ ಎಂದು ಕರೆದು ಯಾರಿಗೇನು ಗುರುತು ಸಿಕ್ಕೀತು? ಅಲ್ಲಿರುವವರೆಲ್ಲ ಅವರೇ. ನಮ್ಮ ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಹುಬ್ಬಳ್ಳಿ’ ಎಂಬ ಅಡ್ಡಹೆಸರಿನ ಮನೆ ಗದಗಿನಲ್ಲೋ ಬಾಗಲಕೋಟೆಯಲ್ಲೋ ಸಿಕ್ಕರೆ ಯಾರೂ ಬೆರಗಾಗುವುದಿಲ್ಲ. ಹಾಗಾಗಿ ಹುಡುಕಬೇಕಾದದ್ದು ಪಕ್ಕದ ಊರುಗಳನ್ನು. ರಿಚರ್ಡ್ ಮತ್ತು ಡೇವಿಡ್ ಅವರ ತಂದೆ ಫ್ರೆಡರಿಕ್ ಅಟೆನ್‌ಬರೋ 1887ರಲ್ಲಿ ಹುಟ್ಟಿದ್ದು ಸ್ಟೇಪಲ್‌ಫರ್ಡಿನಲ್ಲಿ. ಹಳ್ಳಿಗೂ ಆ ಊರಿಗೂ ನಡುವೆ ಹರದಾರಿಯಷ್ಟೂ ದೂರವಿಲ್ಲ, ನಡೆದರೆ ಒಂದು ಗಂಟೆಯ ದಾರಿ. ಏಳು ಶತಮಾನದಲ್ಲಿ ಆ ಮನೆತನ ನಡೆದ ದೂರ ಇಷ್ಟು! ಫ್ರೆಡರಿಕ್ ಅವರೇ ಆ ಸುತ್ತಿನಿಂದ ಹೊರಬಿದ್ದು, ಕೇಂಬ್ರಿಜ್‌ನಲ್ಲಿ ಪ್ರಾಚೀನ ಇಂಗ್ಲಿಷ್ ರಾಜರ ಕಾನೂನುಗಳ ಮೇಲೆ ಕೆಲಸ ಮಾಡಿ, 1932ರಿಂದ 1951ರವರೆಗೆ ಲೆಸ್ಟರ್‌ನ ಯೂನಿವರ್ಸಿಟಿ ಕಾಲೇಜಿನ ಪ್ರಾಂಶುಪಾಲರಾಗಿದ್ದರು.

ಲೆಸ್ಟರ್ ಇಲ್ಲಿ ಸುಮ್ಮನೆ ಬಂದ ಹೆಸರಲ್ಲ. ಫ್ರೆಡರಿಕ್ ಅವರ ಕಾಲದಲ್ಲೇ, 1948ರಲ್ಲಿ, ಡಬ್ಲ್ಯು. ಜಿ. ಹಾಸ್ಕಿನ್ಸ್ ಅಲ್ಲಿ ಇಂಗ್ಲಿಷ್ ಸ್ಥಳೀಯ ಚರಿತ್ರೆಯ ವಿಭಾಗ ತೆರೆದರು. 1965ರಲ್ಲಿ ಅದೇ ವಿಭಾಗದಲ್ಲಿ ಇಂಗ್ಲಿಷ್ ಅಡ್ಡಹೆಸರುಗಳ ಸಮೀಕ್ಷೆ ಶುರುವಾಯಿತು. ಜಾರ್ಜ್ ರೆಡ್ಮಂಡ್ಸ್ ಅವರು ಪಶ್ಚಿಮ ಯಾರ್ಕ್‌ಶೈರಿನ ಹೆಸರುಗಳ ಮೇಲೆ ಬರೆದ, 1973ರಲ್ಲಿ ಬಂದ ಸಂಪುಟ ಅದರ ಮೊದಲ ಫಲ. 1984ರಲ್ಲಿ ಅದೇ ವಿಶ್ವವಿದ್ಯಾಲಯದ ಅಲೆಕ್ ಜೆಫ್ರಿಸ್ ಡಿಎನ್‌ಎ ಬೆರಳಚ್ಚನ್ನು ಕಂಡುಹಿಡಿದರು. ಒಂದು ಕಡೆ ಹಳೆಯ ಕಂದಾಯದ ಪಟ್ಟಿ, ಇನ್ನೊಂದು ಕಡೆ ಡಿಎನ್‌ಎ, ಎರಡೂ ಒಂದೇ ಆವರಣದಲ್ಲಿ. ಇವೆರಡು ಒಂದಲ್ಲ ಒಂದು ದಿನ ಕೂಡಲೇಬೇಕಿತ್ತು, ಕೂಡಿದವು. ಇಂಗ್ಲೆಂಡಿನಲ್ಲಿ ಅಡ್ಡಹೆಸರು ತಂದೆಯಿಂದ ಮಗನಿಗೆ ಹೋಗುತ್ತದೆ. ಗಂಡಸರಲ್ಲಿ ಮಾತ್ರ ಇರುವ ವೈ ವರ್ಣತಂತುವೂ ತಂದೆಯಿಂದ ಮಗನಿಗೇ ಹೋಗುತ್ತದೆ, ಅದೂ ಹೆಚ್ಚುಕಡಿಮೆ ಇದ್ದ ಹಾಗೆಯೇ. ಹೆಸರು ಮತ್ತು ವರ್ಣತಂತು ಒಂದೇ ದಾರಿ ಹಿಡಿದು ಬಂದಿದ್ದರೆ, ಒಂದೇ ಹೆಸರಿನವರ ವರ್ಣತಂತುಗಳೂ ಒಂದೇ ಥರ ಇರಬೇಕು. ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು 40 ಬ್ರಿಟಿಷ್ ಹೆಸರುಗಳ 1,678 ಗಂಡಸರಲ್ಲಿ ನೋಡಿತು. ಹೆಸರು ಅಪರೂಪವಾದಷ್ಟೂ ನಂಟು ಹೆಚ್ಚು. ಒಂದೇ ಪೂರ್ವಜನಿಂದ ಇಳಿದುಬಂದ ಗುಂಪುಗಳೊಳಗೆ ಬೀಳುವವರ ಪ್ರಮಾಣ ಸರಾಸರಿ ಶೇ 62, ಅತಿ ಕಡಿಮೆ ಎಂದರೆ ಸೊನ್ನೆ, ಅತಿ ಹೆಚ್ಚು ಎಂದರೆ ಶೇ 87. ಸ್ಮಿತ್ ಹೆಸರಿನ ಇಬ್ಬರ ನಡುವಿನ ನಂಟು, ರಸ್ತೆಯಲ್ಲಿ ಹೋಗುವ ಯಾರೋ ಇಬ್ಬರ ನಡುವಿನದಕ್ಕಿಂತ ಹೆಚ್ಚೇನಲ್ಲ. ಅಟೆನ್‌ಬರೋಗಳು ನಿಂತದ್ದು ಮೇಲಿನ ತುದಿಯಲ್ಲಿ. ಕೆಲವರು ಹೆಸರನ್ನು ಅಟೆನ್‌ಬರೋ ಎಂದು ಬರೆದರೆ ಕೆಲವರು ಅಟೆನ್‌ಬಾರೋ ಎಂದು ಬರೆಯುತ್ತಾರೆ. ಕಾಗುಣಿತ ಬೇರೆಯಾದರೂ ವರ್ಣತಂತು ಅದೇ.

ಇಲ್ಲಿಗೆ ಕತೆ ಮುಗಿಯಿತಲ್ಲ ಅನ್ನಿಸುತ್ತದೆ. ಒಂದು ಹಳ್ಳಿ, ಒಬ್ಬ ಮನುಷ್ಯ, ಒಂದು ಹೆಸರು, ಅವನ ನೂರಾರು ಕುಡಿಗಳು. ಆದರೆ ಆ ಅಧ್ಯಯನದ ಲೇಖಕರೇ ಈ ತೀರ್ಮಾನಕ್ಕೆ ಒಪ್ಪುವುದಿಲ್ಲ. ಇಂದಿನ ಚಿತ್ರ ನೋಡಿ ಏಳುನೂರು ವರ್ಷದ ಹಿಂದಿನ ಮೂಲಪುರುಷರ ಬಗ್ಗೆ ನೆಚ್ಚಿ ಹೇಳಬಹುದಾದದ್ದು ತೀರ ಕಡಿಮೆ ಎಂದು ಅವರು ಎಚ್ಚರಿಸಿದ್ದಾರೆ. ಏಕೆಂದರೆ ನಡುವೆ ಆಕಸ್ಮಿಕ ಎಂಬುದೊಂದು ಕೂತಿದೆ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಹೆಸರೂ ನಿಂತಿತು, ವರ್ಣತಂತುವೂ ನಿಂತಿತು. ಹೆಣ್ಣುಮಕ್ಕಳು ಎಷ್ಟೇ ಇರಲಿ, ಲೆಕ್ಕದಲ್ಲಿ ಅದು ಅಳಿದ ವಂಶ. ಈ ಸಮಸ್ಯೆಗೆ ಗಣಿತದ ರೂಪ ಕೊಟ್ಟವನು ಫ್ರಾನ್ಸಿಸ್ ಗಾಲ್ಟನ್. ಶ್ರೀಮಂತ, ಪ್ರಸಿದ್ಧ ಮನೆತನಗಳ ಹೆಸರು ಅಳಿದುಹೋಗುತ್ತಿರುವುದನ್ನು ಕಂಡು, ಬುದ್ಧಿವಂತರಲ್ಲಿ ಸಂತಾನಶಕ್ತಿ ಕುಂದುತ್ತದೆಯೋ ಏನೋ ಎಂದು ಅವನು ಚಿಂತೆಗೆ ಬಿದ್ದಿದ್ದ. ಸುಜನನವಾದವನ್ನು ಹುಟ್ಟುಹಾಕಿದವನಿಗೆ ಇಂಥ ಚಿಂತೆ ಸಹಜವೇ. 1873ರಲ್ಲಿ ಅವನು ಪ್ರಶ್ನೆಯನ್ನು ಪತ್ರಿಕೆಯೊಂದರಲ್ಲಿ ಒಡ್ಡಿದ. ಹೆನ್ರಿ ವಾಟ್ಸನ್ ಎಂಬ ಪಾದ್ರಿ ಉತ್ತರ ಕೊಟ್ಟ. 1874ರಲ್ಲಿ ಇಬ್ಬರೂ ಸೇರಿ ಪ್ರಬಂಧ ಬರೆದರು. ಎಲ್ಲ ಹೆಸರುಗಳೂ ಒಂದು ದಿನ ಅಳಿಯಲೇಬೇಕು ಎಂದು ವಾಟ್ಸನ್ ತಪ್ಪಿ ಹೇಳಿಬಿಟ್ಟ. ಜನಸಂಖ್ಯೆ ಬೆಳೆಯುತ್ತಿದ್ದರೆ ಹಾಗಾಗಬೇಕಿಲ್ಲ ಎಂಬುದು ಆಮೇಲೆ ತಿದ್ದಿಕೊಂಡ ಮಾತು. ತಪ್ಪಿದ್ದರೂ ಮುಖ್ಯ ಮಾತು ನಿಂತಿತು. ಹೆಸರು ಅಳಿಯಲು ಮನೆತನದಲ್ಲಿ ಯಾವ ದೋಷವೂ ಬೇಕಿಲ್ಲ, ಉಳಿಯಲು ಯಾವ ಗುಣವೂ ಬೇಕಿಲ್ಲ.

ಈ ಲೆಕ್ಕವನ್ನು ಅಟೆನ್‌ಬರೋಗೆ ಹೊಂದಿಸಿ ನೋಡೋಣ. 1300ರ ಸುಮಾರಿಗೆ ಇಂಗ್ಲೆಂಡಿನ ಜನಸಂಖ್ಯೆ 50 ಲಕ್ಷದ ಆಸುಪಾಸು. 1348–49ರ ಮಹಾಮಾರಿ ಮೂರನೆಯ ಒಂದರಿಂದ ಅರ್ಧದಷ್ಟು ಜನರನ್ನು ಬಲಿ ತೆಗೆದುಕೊಂಡಿತು. ಮತ್ತೆ ಚೇತರಿಸಿಕೊಂಡು 1700ರಲ್ಲಿ ಸಂಖ್ಯೆ ಬಂದು ನಿಂತದ್ದು ಪುನಃ ಸುಮಾರು 50 ಲಕ್ಷಕ್ಕೇ. ಅಂದರೆ ಆ ನಾಲ್ಕು ಶತಮಾನಗಳಲ್ಲಿ, ಸರಾಸರಿಯಲ್ಲಿ, ಒಬ್ಬ ಗಂಡಸಿಗೆ ಬೆಳೆದು ದೊಡ್ಡವನಾಗುವ ಒಬ್ಬನೇ ಮಗ. ಸರಾಸರಿ ಒಂದು ಎಂದರೆ ಎಲ್ಲರಿಗೂ ಒಬ್ಬೊಬ್ಬ ಎಂದಲ್ಲ. ಕೆಲವರಿಗೆ ಮೂವರು, ಹಲವರಿಗೆ ಯಾರೂ ಇಲ್ಲ. ಬರೀ ಅದೃಷ್ಟದ ಆಟ ಎಂದಿಟ್ಟುಕೊಂಡರೆ ನೂರು ಗಂಡಸರಲ್ಲಿ 37 ಮಂದಿಯ ಎಳೆ ಮೊದಲ ತಲೆಮಾರಿನಲ್ಲೇ ಕಡಿದುಹೋಗುತ್ತದೆ. ತಲೆಮಾರಿಗೆ ಮೂವತ್ತು ವರ್ಷದಂತೆ ಹದಿಮೂರು ತಲೆಮಾರು ಕಳೆದು 1700ಕ್ಕೆ ಬರುವಷ್ಟರಲ್ಲಿ ನೂರರಲ್ಲಿ ಉಳಿಯುವುದು ಸುಮಾರು 13 ಎಳೆಗಳು. ಈಗ ಊಹಿಸಿ. ಆ ಹಳ್ಳಿಯಿಂದ ಹೊರಟ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಐದು ಜನ ಸುತ್ತಲಿನ ಐದು ಊರುಗಳಲ್ಲಿ ನೆಲೆಸಿ ಐವರೂ ಅಟೆನ್‌ಬರೋ ಎನ್ನಿಸಿಕೊಂಡರು. 1700ರ ಹೊತ್ತಿಗೆ ಐದೂ ಎಳೆ ಅಳಿದು ಹೆಸರೇ ಇಲ್ಲವಾಗುವ ಸಾಧ್ಯತೆ ಅರ್ಧಕ್ಕರ್ಧ. ಹೆಸರು ಉಳಿದರೂ, ಅಂಥ ನಾಲ್ಕು ಸಂದರ್ಭಗಳಲ್ಲಿ ಮೂರರಲ್ಲಿ ಉಳಿಯುವುದು ಒಬ್ಬನ ಎಳೆ ಮಾತ್ರ. ಶುರುವಾದದ್ದು ಐವರಿಂದ, ಕೊನೆಗೆ ಕಾಣುವುದು ಒಬ್ಬನೇ. ಪ್ರಯೋಗಾಲಯದ ಫಲಿತಾಂಶ ಎರಡೂ ಕತೆಗಳಿಗೂ ಒಂದೇ.

ಲೆಕ್ಕದಲ್ಲಿ ತೋರಿಸಿದರೆ ಸಾಲದು, ಹಾಗೇ ನಡೆದದ್ದಕ್ಕೆ ಕುರುಹು ಏನು ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕುರುಹು ಆ ಶೇ 87ರಲ್ಲೇ ಇದೆ. ಹೆಸರು ಮತ್ತು ವರ್ಣತಂತು ಯಾವಾಗಲೂ ಜೊತೆಯಾಗಿ ಸಾಗುವುದಿಲ್ಲ. ದತ್ತು ಬಂದ ಮಗ ಇರುತ್ತಾನೆ. ವಿಧವೆಯನ್ನು ಮದುವೆಯಾದವನ ಹೆಸರನ್ನು ಅವಳ ಮೊದಲ ಗಂಡನ ಮಕ್ಕಳೂ ಹಿಡಿಯುತ್ತಾರೆ. ಆಸ್ತಿಗಾಗಿ ಮಾವನ ಹೆಸರಿಗೆ ಬದಲಾದ ಅಳಿಯ ಇರುತ್ತಾನೆ. ಮದುವೆಯಿಲ್ಲದೆ ಹುಟ್ಟಿ ತಾಯಿಯ ಹೆಸರು ಹೊತ್ತವನಿರುತ್ತಾನೆ. ಇವರೆಲ್ಲರ ಜೊತೆಗೆ, ಯಾರೂ ಬಾಯಿಬಿಡದ ಪ್ರಕರಣಗಳೂ ಇದ್ದೇ ಇರುತ್ತವೆ. ಬ್ರಯನ್ ಸೈಕ್ಸ್ ಎಂಬ ತಳಿವಿಜ್ಞಾನಿ 2000ದಲ್ಲಿ ತಮ್ಮದೇ ಹೆಸರಿನ 48 ಗಂಡಸರನ್ನು ಪರೀಕ್ಷಿಸಿ ಇಂಥ ಕೊಂಡಿ ಕಳಚುವಿಕೆ ತಲೆಮಾರಿಗೆ ಸರಾಸರಿ ಶೇ 1.3 ಎಂದು ಅಂದಾಜಿಸಿದರು. ಆ ದರವನ್ನೇ ಇಟ್ಟುಕೊಂಡು ಏಳುನೂರು ವರ್ಷ, ಅಂದರೆ ಇಪ್ಪತ್ತಮೂರು ತಲೆಮಾರು ಎಣಿಸಿದರೆ ಮೂಲದ ವರ್ಣತಂತು ನೂರಕ್ಕೆ 74 ಜನರಲ್ಲಿ ಉಳಿಯಬೇಕು. ಅಟೆನ್‌ಬರೋಗಳಲ್ಲಿ ಅದು ಸುಮಾರು 87! ಅಷ್ಟು ಉಳಿದಿರಬೇಕಾದರೆ ಪಯಣ ಅಷ್ಟು ಉದ್ದ ಇರಬಾರದು. ಹಿಂದಕ್ಕೆ ಗುಣಿಸಿ ನೋಡಿದರೆ ಬರುವುದು ಹತ್ತು ಹನ್ನೊಂದು ತಲೆಮಾರು, ಅಂದರೆ ಮುನ್ನೂರು ಚಿಲ್ಲರೆ ವರ್ಷ. ಇದು ಒರಟು ಲೆಕ್ಕ, ಒಪ್ಪುತ್ತೇನೆ. ಮನೆತನದಿಂದ ಮನೆತನಕ್ಕೆ ದರ ಬೇರೆಯಾದೀತು, ಒಂದು ಕೊಂಡಿ ಕಳಚಿದಾಗ ಅದರ ಕೆಳಗಿನ ಕವಲೆಲ್ಲ ಒಟ್ಟಿಗೇ ಹೊರಗೆ ಹೋದೀತು. ಆದರೂ ಲೆಕ್ಕ ತೋರಿಸುವ ದಿಕ್ಕು, ಕಿಂಗ್ ಮತ್ತು ಜಾಬ್ಲಿಂಗ್ ಹಲವು ಹೆಸರುಗಳಲ್ಲಿ ಕಂಡ ಸಂಗತಿಗೇ ಹೊಂದುತ್ತದೆ: ಗುಂಪುಗಳ ಪೂರ್ವಜರು ಹೆಸರು ಹುಟ್ಟಿದ ಕಾಲದವರಷ್ಟು ಹಳಬರಲ್ಲ. ಈಗಿನ ಅಟೆನ್‌ಬರೋಗಳೆಲ್ಲ ಸೇರುವ ಆ ಗಂಡಸು ಹೆಸರನ್ನು ಮೊದಲು ಪಡೆದವನಲ್ಲದೆ, ಬಹಳ ಆಮೇಲಿನ, ಗಂಡುಮಕ್ಕಳ ಭಾಗ್ಯ ಚೆನ್ನಾಗಿದ್ದ ಯಾವನೋ ಒಬ್ಬ ರೈತನಿರಬಹುದು. ಅವನ ನಂತರ ಜನಸಂಖ್ಯೆ ಉಬ್ಬಿತು. 1881ಕ್ಕೆ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸುಮಾರು 2.6 ಕೋಟಿ ಜನ. ಉಬ್ಬುವ ಕಾಲಕ್ಕೆ ಸರಿಯಾಗಿ ಬದುಕುಳಿದಿದ್ದ ಎಳೆ ಅಳಿಯುವುದು ಕಷ್ಟ.

ಸೈಕ್ಸ್ ಅವರ ಪ್ರಕರಣವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಎದುರುವಾದಿಗಳ ಕೈಯಲ್ಲಿ ಇರುವ ಗಟ್ಟಿ ಅಸ್ತ್ರ ಅದೇ. ಆ ಹೆಸರು ಯಾರ್ಕ್‌ಶೈರಿನ ಆಡುಮಾತಿನಲ್ಲಿ ಸಣ್ಣ ತೊರೆಗೆ, ಎಲ್ಲೆಯ ಹಳ್ಳಕ್ಕೆ ಇರುವ ಪದದಿಂದ ಬಂದದ್ದು. ಅಂಥ ಹಳ್ಳಗಳು ಆ ಸೀಮೆಯ ತುಂಬ. ಆದ್ದರಿಂದ ಹೆಸರು ಹತ್ತಾರು ಕಡೆ ಹುಟ್ಟಿರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ಪರೀಕ್ಷಿಸಿದ 48ರಲ್ಲಿ 21 ಜನರಲ್ಲಿ ಒಂದೇ ವರ್ಣತಂತು ಸಿಕ್ಕಿತು. ಉಳಿದವರಲ್ಲಿ ಬೇರೆ ಯಾವ ದೊಡ್ಡ ಗುಂಪೂ ಇರಲಿಲ್ಲ. ಹಾಗಾದರೆ ಮೂಲಪುರುಷ ಒಬ್ಬನೇ ಎಂದು ಸೈಕ್ಸ್ ವಾದಿಸಿದರು. ವಾದ ಚೆಂದವಾಗಿದೆ. ಆದರೆ ಹತ್ತು ಹಳ್ಳಗಳ ಹತ್ತು ಸೈಕ್ಸ್‌ಗಳಲ್ಲಿ ಒಂಬತ್ತು ಎಳೆ ಅಳಿದು ಒಂದು ಕೊಬ್ಬಿದ್ದರೂ ಸಿಗುವುದು ಇದೇ ಚಿತ್ರ. 2009ರ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಹೆಸರು ಕಸುಬಿನಿಂದ ಬಂದಿರಲಿ, ಊರಿನಿಂದ ಬಂದಿರಲಿ, ಅಣಕದಿಂದ ಬಂದಿರಲಿ, ಅದರಿಂದ ವರ್ಣತಂತುಗಳ ವೈವಿಧ್ಯದಲ್ಲಿ ಗುರುತಿಸಬಹುದಾದ ವ್ಯತ್ಯಾಸ ಕಾಣಲಿಲ್ಲ. ಮೂಲಪುರುಷರ ಸಂಖ್ಯೆಯೇ ಇಂದಿನ ಚಿತ್ರವನ್ನು ನಿರ್ಧರಿಸುತ್ತಿದ್ದರೆ ಹೀಗಾಗಬಾರದಿತ್ತು. ಒಂದು ಪುಟ್ಟ ಹಳ್ಳಿಯಿಂದ ಬಂದ ಹೆಸರಿಗೂ ಎಲ್ಲೆಡೆ ಇರುವ ಕಸುಬಿನಿಂದ ಬಂದ ಹೆಸರಿಗೂ ಆಗ ಅಜಗಜಾಂತರ ಇರುತ್ತಿತ್ತು. ಹಾಗಾದರೆ ಸ್ಮಿತ್ ಯಾಕೆ ಒಂದಾಗಲಿಲ್ಲ? ಊರಿಗೊಬ್ಬ ಕಮ್ಮಾರ ಇದ್ದ ದೇಶದಲ್ಲಿ ಶುರುವಿನಲ್ಲೇ ಸಾವಿರಾರು ಎಳೆ. ನೂರರಲ್ಲಿ 87 ಅಳಿದರೂ ಉಳಿದದ್ದು ನೂರಾರು. ಆಕಸ್ಮಿಕಕ್ಕೆ ಪೂರ್ತಿ ನುಂಗಲು ಸಾಧ್ಯವಾಗುವುದು ಸಣ್ಣ ಹೆಸರುಗಳನ್ನು ಮಾತ್ರ.

ಭೂಪಟದ ವಾದಕ್ಕೂ ಇದರ ಬಿಸಿ ತಟ್ಟುತ್ತದೆ ಎಂಬುದನ್ನು ಮುಚ್ಚಿಡುವ ಹಾಗಿಲ್ಲ. ಹೆಸರು ಒಂದೇ ಕಡೆ ಕಾಣುತ್ತದೆ, ಆದ್ದರಿಂದ ಒಂದೇ ಕಡೆ ಹುಟ್ಟಿತು ಎಂದು ಮೇಲೆ ಹೇಳಿದೆನಲ್ಲ. ಕೆಂಟಿನಲ್ಲೋ ಡೆವನ್‌ನಲ್ಲೋ ಕೋಟೆಯ ಪಕ್ಕದ ಅಟೆನ್‌ಬರೋಗಳು ಇದ್ದು, ಅಳಿದುಹೋಗಿ, ನಾಟಿಂಗ್‌ಹ್ಯಾಂನವರು ಮಾತ್ರ ಉಳಿದಿದ್ದರೆ? 1881ರ ನಕ್ಷೆಯೂ ಉಳಿದವರ ನಕ್ಷೆಯೇ. ಈ ಆಕ್ಷೇಪಣೆಗೆ ತೂಕವಿದೆ. ಆದರೂ ಇಲ್ಲಿ ಅದು ನಿಲ್ಲುವುದಿಲ್ಲ ಎಂದು ನನ್ನ ಎಣಿಕೆ. ದೇಶದ ತುಂಬ ಹರಡಿದ್ದ ಎಳೆಗಳಲ್ಲಿ ಯಾವುದೋ ಒಂದು ಆಕಸ್ಮಿಕವಾಗಿ ಉಳಿಯುವುದು, ಅದು ಸರಿಯಾಗಿ ಇದೇ ಹೆಸರಿನ ಹಳ್ಳಿಯ ಮಗ್ಗುಲಲ್ಲೇ ಉಳಿಯುವುದು, ಎರಡೂ ಒಟ್ಟಿಗೆ ಕೂಡಿಬರಬೇಕೆಂದರೆ ಅದೃಷ್ಟದ ಮೇಲೆ ಅತಿಯಾದ ಹೊರೆ ಹೊರಿಸಿದ ಹಾಗೆ. ಹಳ್ಳಿಯೇ ಮೂಲ ಎಂದು ಧೈರ್ಯವಾಗಿ ಹೇಳಬಹುದು. ಆ ಹಳ್ಳಿಯಿಂದ ಹೊರಟವರು ಎಷ್ಟು ಮಂದಿ ಎಂದು ಹೇಳಲು ನಕ್ಷೆಗೆ ಬಾಯಿಲ್ಲ.

ಹೆಸರು ಒಂದೇ ಆದರೆ ರಕ್ತವೂ ಒಂದೇ ಎಂಬ ಹೆಮ್ಮೆಯ ಮಾತಿಗೆ ಬರೋಣ. ಲೆಸ್ಟರ್‌ನ ಕಾರ್ ಪಾರ್ಕಿಂಗ್ ಜಾಗವೊಂದರ ಕೆಳಗೆ 2012ರಲ್ಲಿ ಸಿಕ್ಕ ಮೂರನೆಯ ರಿಚರ್ಡ್ ದೊರೆಯ ಅಸ್ಥಿಪಂಜರವನ್ನು ಪರೀಕ್ಷಿಸಿದ ತಂಡದ ಮುಂಚೂಣಿಯಲ್ಲಿದ್ದವರು ಇದೇ ಟೂರಿ ಕಿಂಗ್. 1485ರಲ್ಲಿ ಬಾಸ್‌ವರ್ತ್ ಕಾಳಗದಲ್ಲಿ ಸತ್ತ ದೊರೆ ಆತ. ಹೆಣ್ಣುಸಂತತಿಯ ಡಿಎನ್‌ಎ ಇಂದು ಬದುಕಿರುವ ನೆಂಟರೊಂದಿಗೆ ಹೊಂದಿತು. ಗಂಡುಸಂತತಿಯ ಕತೆ ಬೇರೆಯಾಯಿತು. ದಾಖಲೆಯ ಪ್ರಕಾರ ಅದೇ ರಾಜವಂಶದ ಗಂಡುಸಾಲಿನವನಾದ ಐದನೆಯ ಬೋಫರ್ಟ್ ಡ್ಯೂಕನಿಂದ ಇಳಿದುಬಂದ ಐವರನ್ನು ನೋಡಿದರೆ, ಒಬ್ಬರ ವರ್ಣತಂತುವೂ ದೊರೆಯದರೊಂದಿಗೆ ಹೊಂದಲಿಲ್ಲ. ಐವರಲ್ಲಿ ನಾಲ್ವರದು ಒಂದು ಬಗೆ, ಐದನೆಯವರದು ಇನ್ನೊಂದು. ದೇಶದಲ್ಲೇ ಅತ್ಯಂತ ಕಟ್ಟುನಿಟ್ಟಾಗಿ ಬರೆದಿಟ್ಟ ವಂಶವೃಕ್ಷದ ಹಣೆಬರಹ ಇದಾದರೆ, ಟ್ರೆಂಟ್ ದಂಡೆಯ ಒಕ್ಕಲುಮಕ್ಕಳ ವಿಷಯದಲ್ಲಿ ಶೇ 13 ಮಂದಿ ಬೇರೆ ಬಗೆಯವರಾದದ್ದು ಏನು ದೊಡ್ಡದು! ಅವರೂ ಅಷ್ಟೇ ಅಟೆನ್‌ಬರೋಗಳು. ತಾಯಿಯ ಕಡೆಯಿಂದ ಹೆಸರು ಪಡೆದವನ ಮೈಯಲ್ಲಿ ಹರಿಯುವುದು ಆ ಮನೆಯದೇ ರಕ್ತ. ಅದಕ್ಕಿಂತ ಕುತೂಹಲದ ಪ್ರಕರಣ 2007ರದು. ಪೂರ್ವ ಯಾರ್ಕ್‌ಶೈರಿನ ಒಂದು ಅಪರೂಪದ ಅಡ್ಡಹೆಸರಿನ ಒಬ್ಬರಲ್ಲಿ ಪಶ್ಚಿಮ ಆಫ್ರಿಕ ಮೂಲದ ವರ್ಣತಂತು ಸಿಕ್ಕಿತು. ಅದೇ ಹೆಸರಿನ 18 ಗಂಡಸರನ್ನು ನೋಡಿದರೆ ಏಳು ಜನರಲ್ಲಿ ಅದು ಇತ್ತು. ದಾಖಲೆ ಹುಡುಕಿದಾಗ ಅವರು ಎರಡು ವಂಶಗಳಾಗಿ ಹದಿನೆಂಟನೆಯ ಶತಮಾನದ ಕೊನೆಯ ಯಾರ್ಕ್‌ಶೈರಿಗೆ ತಲುಪಿದರು. ಅಪ್ಪಟ ಯಾರ್ಕ್‌ಶೈರಿನ ಹೆಸರು, ಅಪ್ಪಟ ಯಾರ್ಕ್‌ಶೈರಿನ ಮನೆ. ಯಾವ ತಲೆಮಾರಿನ ಯಾವ ಮನೆಯಲ್ಲಿ ಈ ಎಳೆ ಸೇರಿತೋ, ಹೆಸರಂತೂ ಗುಟ್ಟು ಬಿಟ್ಟುಕೊಡಲಿಲ್ಲ.

ಹಾಗೆ ನೋಡಿದರೆ ಈ ಗಂಡುಸಾಲಿನ ಲೆಕ್ಕಾಚಾರವೇ ಒಬ್ಬ ಮನುಷ್ಯನ ಮೂಲದ ಎಷ್ಟು ಪಾಲು? ಇಪ್ಪತ್ತಮೂರು ತಲೆಮಾರು ಹಿಂದೆ ಹೋದರೆ, ಪ್ರತಿ ತಲೆಮಾರಿಗೂ ಇಮ್ಮಡಿಯಾಗುತ್ತ, ಪೂರ್ವಜರ ಸ್ಥಾನಗಳು 83,88,608 ಆಗುತ್ತವೆ. ಆ ಕಾಲದ ಇಂಗ್ಲೆಂಡಿನ ಜನಸಂಖ್ಯೆಗಿಂತ ಇದು ಹೆಚ್ಚು. ಒಬ್ಬನೇ ವ್ಯಕ್ತಿ ಹಲವು ದಾರಿಗಳಿಂದ ಪೂರ್ವಜನಾಗಿರುತ್ತಾನೆ ಎಂದೇ ಅರ್ಥ. ಹೆಸರು ಹೇಳುವುದು ಅಷ್ಟು ಸ್ಥಾನಗಳಲ್ಲಿ ಒಂದೇ ಒಂದರ ಕತೆ. ಅಜ್ಜಿಯರು, ಮುತ್ತಜ್ಜಿಯರು, ಅವರ ಅಪ್ಪಂದಿರು, ಅಷ್ಟೂ ಜನ ಅದರ ಹೊರಗೆ. ಹಾಗಾದರೆ ಅಡ್ಡಹೆಸರಿನ ಅಧ್ಯಯನ ಕೆಲಸಕ್ಕೆ ಬಾರದ್ದೇ? ಖಂಡಿತ ಅಲ್ಲ. ಜನ ಎಲ್ಲಿಂದ ಎಲ್ಲಿಗೆ ಹೋದರು, ಎಷ್ಟು ದೂರ ಹೋದರು, ಯಾವ ಸೀಮೆಯಲ್ಲಿ ಬೇರುಬಿಟ್ಟರು ಎಂಬುದಕ್ಕೆ ಅಪರೂಪದ ಹೆಸರಿನಷ್ಟು ನಿಷ್ಠಾವಂತ ಸಾಕ್ಷಿ ಇನ್ನೊಂದಿಲ್ಲ. ಸ್ಮಿತ್ ಅಂಥ ಹೆಸರು ಈ ಕೆಲಸಕ್ಕೆ ಬರುವುದಿಲ್ಲ, ಅದು ಎಲ್ಲೆಲ್ಲೂ ಇದೆ. ಅಟೆನ್‌ಬರೋ ಬರುತ್ತದೆ. ಅದರ ಸಾಕ್ಷ್ಯವನ್ನು ಚಲನವಲನದ ಪ್ರಶ್ನೆಗೆ ಬಳಸಬೇಕು, ಕುಲದ ಪ್ರಶ್ನೆಗಲ್ಲ.

ಮೂಲದಲ್ಲಿ ಇದ್ದವರು ಒಬ್ಬರೋ ಐವರೋ ಎಂಬುದಕ್ಕೆ ಉತ್ತರ ಇನ್ನೂ ಹೆಚ್ಚು ಜನರ ಎಂಜಲು ಪರೀಕ್ಷೆಯಿಂದ ಸಿಗುವಂಥದ್ದಲ್ಲ. ಎಷ್ಟೇ ಅಟೆನ್‌ಬರೋಗಳನ್ನು ಪರೀಕ್ಷಿಸಿದರೂ ಸಿಗುವವರು ಉಳಿದವರೇ. ಉತ್ತರ ಇರಬಹುದಾದದ್ದು ರೆಡ್ಮಂಡ್ಸ್ ತಮ್ಮ ಜೀವಮಾನ ಕಳೆದಂಥ ಕಾಗದಗಳಲ್ಲಿ: ಜಹಗೀರಿನ ನ್ಯಾಯಸಭೆಗಳ ಸುರುಳಿಗಳಲ್ಲಿ, ಉಯಿಲುಗಳಲ್ಲಿ, ತಲೆಗಂದಾಯದ ಪಟ್ಟಿಗಳಲ್ಲಿ, 1538ರಿಂದ ಶುರುವಾದ ಚರ್ಚಿನ ನೋಂದಣಿ ಪುಸ್ತಕಗಳಲ್ಲಿ. ಅಲ್ಲಿ ಒಂದೇ ದಶಕದಲ್ಲಿ, ಒಂದಕ್ಕೊಂದು ನಂಟಿಲ್ಲದ ಊರುಗಳಲ್ಲಿ ಈ ಹೆಸರಿನವರು ಬೇರೆ ಬೇರೆಯಾಗಿ ಕಂದಾಯ ಕಟ್ಟಿದ್ದು ಕಂಡುಬಂದರೆ ಒಬ್ಬನೇ ಮೂಲಪುರುಷ ಎಂಬ ಮಾತು ಬಿದ್ದುಹೋಗುತ್ತದೆ. ಗಂಡುಸಂತಾನವಿಲ್ಲದೆ ಹೋದ ನಾಲ್ವರು ಇದ್ದದ್ದೇ ನಿಜವಾದರೆ ಅವರು ಸಿಗುವುದು ಆ ಹಾಳೆಗಳಲ್ಲಿ ಮಾತ್ರ. ಅವರ ಪರವಾಗಿ ಲೆಸ್ಟರ್‌ನ ಪ್ರಯೋಗಾಲಯಕ್ಕೆ ಎಂಜಲು ಕಳಿಸುವವರು ಯಾರೂ ಉಳಿದಿಲ್ಲ.